ಸಹಾಯ ಬೇಕು: ಮೂರು ವಾರದ ಬೆಕ್ಕಿನ ಮರಿಯ ಮೈತುಂಬ ಚಿಗಟ

ಬನಶಂಕರಿಯ ನಮ್ಮ ಮನೆಯ ಮೆಟ್ಟಿಲ ಕೆಳಗೆ ತಾಯಿಯಿಲ್ಲದ ಬೆಕ್ಕಿನ ಮರಿಯೊಂದು ಸಿಕ್ಕಿದೆ. ಹಲ್ಲು ಈಗಷ್ಟೇ ಮೂಡುತ್ತಿದೆ, ಮೂರು ವಾರವಿರಬಹುದು. ಮೈತುಂಬ ಚಿಗಟ. ಒಸಡು ಬಿಳಿಚಿಕೊಂಡಿರುವುದೇ ದೊಡ್ಡ ಭಯ. ಇಷ್ಟು ಸಣ್ಣ ಜೀವದ ರಕ್ತವನ್ನು ಚಿಗಟಗಳು ಹೀರುತ್ತಲೇ ಇದ್ದರೆ ಪ್ರಾಣವೇ ಹೋಗಬಹುದು.

ಸೀರಣಿಗೆಯಿಂದ ಮೆಲ್ಲಗೆ ಬಾಚಿ, ಸಿಕ್ಕ ಚಿಗಟಗಳನ್ನು ಸೋಪಿನ ನೀರಿಗೆ ಹಾಕುತ್ತಿದ್ದೇನೆ. ಹಾಸಿದ ಬಟ್ಟೆಯನ್ನು ದಿನವೂ ಬಿಸಿನೀರಿನಲ್ಲಿ ಒಗೆಯುತ್ತೇನೆ. ಸ್ನಾನ ಮಾಡಿಸಲು ಧೈರ್ಯವಿಲ್ಲ. ಈ ಮಳೆಯ ಥಂಡಿಯಲ್ಲಿ ಮೈ ತಣ್ಣಗಾದರೆ ಮರಿ ಉಳಿಯುವುದು ಕಷ್ಟ. ದಯವಿಟ್ಟು ನಾಯಿಯ ಔಷಧಿ ಹಚ್ಚಿ ಎಂದು ಯಾರೂ ಸಲಹೆ ಕೊಡಬೇಡಿ. ಅದರಲ್ಲಿ ಪರ್ಮೆಥ್ರಿನ್ ಎಂಬ ಕೀಟನಾಶಕ ಇದ್ದರೆ ಬೆಕ್ಕಿಗೆ ವಿಷ. ಬೇವಿನೆಣ್ಣೆ, ಕರ್ಪೂರವೂ ಬೇಡ, ಮರಿ ನೆಕ್ಕಿಬಿಡುತ್ತದೆ.

ಇಷ್ಟು ಎಳೆಯ ಮರಿಗೆ ಚಿಕಿತ್ಸೆ ಕೊಟ್ಟು ಅನುಭವವಿರುವ, ಇಂದು ಸಂಜೆಯೇ ನೋಡಬಲ್ಲ ಪಶುವೈದ್ಯರು ಬನಶಂಕರಿ, ಜಯನಗರ, ಬಸವನಗುಡಿಯ ಸುತ್ತಮುತ್ತ ಯಾರಿದ್ದಾರೆ? ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ಊರಿನ ಇನ್ನೊಂದು ತುದಿ. ಆ ಟ್ರಾಫಿಕ್‌ನಲ್ಲಿ ಇದನ್ನು ಅಷ್ಟು ದೂರ ಒಯ್ಯಲು ಮನಸ್ಸು ಒಪ್ಪುತ್ತಿಲ್ಲ. ಬೇರೆ ದಾರಿಯಿಲ್ಲದಿದ್ದರೆ ಹೊರಡುತ್ತೇನೆ. ಬೆಕ್ಕಿನ ಮರಿಗೆಂದೇ ಬರುವ ಹಾಲಿನ ಪುಡಿ ಯಾರ ಬಳಿಯಾದರೂ ಉಳಿದಿದ್ದರೆ ತಿಳಿಸಿ, ನಾನೇ ಬಂದು ತೆಗೆದುಕೊಳ್ಳುತ್ತೇನೆ.