ದ್ರಾಕ್ಷಿ ತೋಟದ ಟೆನ್ಸಿಯೋಮೀಟರ್‌ಗೆ 3 ವೋಲ್ಟ್‌ನಲ್ಲಿ ಯಾವ ಆಪ್‌ಆಂಪ್? ಅನುಭವ ಇದ್ದವರು ಹೇಳಿ

ಚಿಕ್ಕಬಳ್ಳಾಪುರದಿಂದ ಪ್ರಶ್ನೆ: ಟೆನ್ಸಿಯೋಮೀಟರ್‌ಗೆ (ಮಣ್ಣು ನೀರನ್ನ ಎಷ್ಟು ಬಿಗಿಯಾಗಿ ಹಿಡಿದಿದೆ ಅಂತ ಅಳೆಯೋ ಟ್ಯೂಬ್) 5 ಕಿಲೋಓಮ್‌ನ ಬ್ರಿಡ್ಜ್ ಸೆನ್ಸರ್ (ನಾಲ್ಕು ರೆಸಿಸ್ಟರ್ ಜೋಡಿಸಿದ ಒತ್ತಡದ ಸೆನ್ಸರ್) ಹಾಕಿದ್ದೀನಿ. 80 ಕಿಲೋಪ್ಯಾಸ್ಕಲ್‌ಗೆ ಸುಮಾರು 30 ಮಿಲಿವೋಲ್ಟ್ ಕೊಡುತ್ತೆ. ಎರಡು ಎಎ ಸೆಲ್, 15 ನಿಮಿಷಕ್ಕೊಂದು ರೀಡಿಂಗ್. ಕೈಯಲ್ಲಿರೋ ಆಪ್‌ಆಂಪ್ (ಸಣ್ಣ ಸಿಗ್ನಲ್ ದೊಡ್ಡದು ಮಾಡೋ ಚಿಪ್) ಎಲ್‌ಎಂ358. ನಡೆಯುತ್ತಾ?

ಮಾಲೂರು: 358 ಮುಟ್ಟಬೇಡಿ ಸರ್. ಅದರ ಇನ್‌ಪುಟ್ ನೆಲದವರೆಗೆ ಇಳಿಯುತ್ತೆ, ಮೇಲೆ ಮಾತ್ರ ಸಪ್ಲೈಗಿಂತ 1.5 ವೋಲ್ಟ್ ಕೆಳಗೇ ನಿಲ್ಲುತ್ತೆ. ಬ್ರಿಡ್ಜ್‌ನ ನಡುಬಿಂದು 3 ವೋಲ್ಟ್‌ನಲ್ಲಿ 1.5. ಹೊಸ ಸೆಲ್‌ನಲ್ಲೇ ಅಂಚಿಗೆ ಬಂದಿರ್ತೀರಿ. ಸೆಲ್ 2.4ಕ್ಕೆ ಇಳಿದರೆ ನಡುಬಿಂದು 1.2, ಮಿತಿ 0.9. ಸೆಲ್‌ನಲ್ಲಿ ಇನ್ನೂ ಜೀವ ಇರುತ್ತೆ, ರೀಡಿಂಗ್ ಸುಳ್ಳಾಗಿರುತ್ತೆ. ಸೆನ್ಸರ್ ಕೆಟ್ಟಿದೆ ಅಂದ್ಕೊಂಡು ಮೂರು ಬದಲಿಸಿ 2,700 ರೂಪಾಯಿ ಕಳ್ಕೊಂಡೆ. ಓಪಿಎ2333 ಹಾಕಿ: 1.8 ವೋಲ್ಟ್‌ವರೆಗೂ ನಡೆಯುತ್ತೆ, ಆಫ್‌ಸೆಟ್ (ಚಿಪ್ ತಾನೇ ಸೇರಿಸೋ ತಪ್ಪು ವೋಲ್ಟೇಜ್) 10 ಮೈಕ್ರೋವೋಲ್ಟ್ ಒಳಗೆ.

ಸಿರಾ: ಅಷ್ಟು ದುಬಾರಿ ಚಿಪ್ ಯಾಕ್ರೀ? ಎಂಸಿಪಿ6002 ಸಾಕು. ಆಫ್‌ಸೆಟ್ 4.5 ಮಿಲಿವೋಲ್ಟ್‌ವರೆಗೆ ಇದೆ, 30ರಲ್ಲಿ ಅದು ಶೇ. 15, ಒಪ್ತೀನಿ. ಆದರೆ ಅದು ಕದಲೋದು ಡಿಗ್ರಿಗೆ 2 ಮೈಕ್ರೋವೋಲ್ಟ್ ಆಸುಪಾಸು. ಬೆಳಗಿನ ಚಳಿಗೂ ಮಧ್ಯಾಹ್ನದ ಬಿಸಿಲಿಗೂ 20 ಡಿಗ್ರಿ ವ್ಯತ್ಯಾಸ ಅಂದ್ರೂ 40 ಮೈಕ್ರೋವೋಲ್ಟ್, 0.1 ಕಿಲೋಪ್ಯಾಸ್ಕಲ್. ಟ್ಯೂಬ್ ಗಾಳಿಗೆ ತೆರೆದು ಸೊನ್ನೆ ರೀಡಿಂಗ್ ತಗೊಂಡು ಕಳೆದುಬಿಡಿ.

ಮಾಲೂರು: ಕಳೆಯೋಕೆ ಮೊದಲು ಅದು ಕಾಣಬೇಕಲ್ಲ? 6002 ರೈಲ್-ಟು-ರೈಲ್ (ಔಟ್‌ಪುಟ್ ಸಪ್ಲೈನ ಎರಡೂ ಅಂಚಿನ ಹತ್ತಿರ ಹೋಗೋದು) ಅಂದ್ರೆ ಸೊನ್ನೆ ಮುಟ್ಟುತ್ತೆ ಅಂತಲ್ಲ, ಔಟ್‌ಪುಟ್ ಸುಮಾರು 25 ಮಿಲಿವೋಲ್ಟ್ ಮೇಲೇ ನಿಲ್ಲುತ್ತೆ. ಆಫ್‌ಸೆಟ್ ಮೈನಸ್ ಕಡೆ ಬಿತ್ತೋ, ಮೊದಲ 12 ಕಿಲೋಪ್ಯಾಸ್ಕಲ್ ಮಾಯ. ನೀರು ಬಿಟ್ಟ ಮರುದಿನದ ಲೆಕ್ಕವೆಲ್ಲ ಅದರೊಳಗೇ ಇರೋದು!

ಸಿರಾ: ರೆಫರೆನ್ಸ್ (ಔಟ್‌ಪುಟ್‌ನ ಸೊನ್ನೆ ಮಟ್ಟ) 0.3 ವೋಲ್ಟ್‌ಗೆ ಎತ್ತಿಡಬೇಕು ಅನ್ನೋದು ನಮಗೂ ಗೊತ್ತು. ಬರೀ ಡಿವೈಡರ್‌ನಿಂದ (ವೋಲ್ಟೇಜ್ ಹಂಚೋ ಎರಡು ರೆಸಿಸ್ಟರ್) ಕೊಟ್ಟರೆ ಅದರ ರೆಸಿಸ್ಟೆನ್ಸ್ ಗೇನ್ (ಎಷ್ಟು ಪಟ್ಟು ಹೆಚ್ಚಿಸೋದು) ನಿರ್ಧರಿಸೋ ರೆಸಿಸ್ಟರ್‌ಗೆ ಸೇರಿ ಕಾಮನ್‌ಮೋಡ್ ತಡೆ (ಎರಡೂ ಇನ್‌ಪುಟ್‌ಗೆ ಸಮಾನವಾಗಿರೋ ವೋಲ್ಟೇಜ್ ತಡೆಯೋ ಗುಣ) ಹಾಳಾಗುತ್ತೆ, ಅದಕ್ಕೇ ಬಫರ್ (ವೋಲ್ಟೇಜನ್ನ ಹಾಗೇ ದಾಟಿಸೋ ಆಂಪ್) ಬೇಕು. ನಾಲ್ಕು ಆಂಪ್ ಇರೋ ಎಂಸಿಪಿ6004 ತಗೊಳ್ಳಿ: ಎರಡು ಗೇನ್‌ಗೆ, ಮೂರನೇದು ಬಫರ್. ನಾಲ್ಕನೇದನ್ನ ತೇಲಲು ಬಿಡಬೇಡಿ. ಅದರ ಔಟ್‌ಪುಟ್ಟನ್ನ ಅದರದೇ ಮೈನಸ್ ಇನ್‌ಪುಟ್‌ಗೆ ಜೋಡಿಸಿ, ಪ್ಲಸ್ ಇನ್‌ಪುಟ್ಟನ್ನ ಅದೇ 0.3ಕ್ಕೆ ಕಟ್ಟಿ.

ಗುಬ್ಬಿ: ಇಬ್ಬರೂ ಸೆಲ್ ಮರೆತಿದ್ದೀರಿ. ಎಂಸಿಪಿ6042 ಒಂದು ಆಂಪ್‌ಗೆ 600 ನ್ಯಾನೋಆಂಪ್. ಹಗಲು ರಾತ್ರಿ ಆನ್ ಇರಲಿ, ಏನೂ ಆಗಲ್ಲ.

ಗೌರಿಬಿದನೂರು: ಪಕ್ಕದಲ್ಲಿ ಬ್ರಿಡ್ಜ್ 600 ಮೈಕ್ರೋಆಂಪ್ ಕುಡೀತಾ ಕೂತಿರುವಾಗ ಆಂಪ್‌ನಲ್ಲಿ ಉಳಿಸಿ ಏನು ಬಂತು? ಪಿ-ಚಾನೆಲ್ ಮಾಸ್‌ಫೆಟ್ (ಸ್ವಿಚ್ ಆಗಿ ಕೆಲಸ ಮಾಡೋ ಟ್ರಾನ್ಸಿಸ್ಟರ್) ಇಟ್ಟು 15 ನಿಮಿಷಕ್ಕೆ 20 ಮಿಲಿಸೆಕೆಂಡ್ ಮಾತ್ರ ಆನ್ ಮಾಡಿ. 6002ರ 200 ಸೇರಿ 800 ಮೈಕ್ರೋಆಂಪ್, ಸರಾಸರಿ 0.018. ಬ್ರಿಡ್ಜ್, ಆಂಪ್ ಎರಡೂ ಒಂದೇ ಸ್ವಿಚ್‌ನಲ್ಲಿರಲಿ. ಆಂಪ್ ಮಾತ್ರ ಆರಿಸಿದರೆ ಬ್ರಿಡ್ಜ್‌ನ ವೋಲ್ಟೇಜ್ ಇನ್‌ಪುಟ್‌ನ ರಕ್ಷಣಾ ಡಯೋಡ್ ಮೂಲಕ ನುಗ್ಗಿ ಚಿಪ್ಪನ್ನ ಅರೆಬರೆ ಎಬ್ಬಿಸುತ್ತೆ. ಸ್ವಿಚ್‌ನಿಂದ ಆಚೆ, ಆಂಪ್ ಕಡೆ 10 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್ ಹಾಕಬೇಡಿ. ಪ್ರತಿ ಸಲ ಖಾಲಿಯಾಗಿ ತುಂಬೋಕೇ ಸರಾಸರಿ 0.033 ಮೈಕ್ರೋಆಂಪ್, ಇಡೀ ಸರ್ಕ್ಯೂಟ್‌ಗಿಂತ ಜಾಸ್ತಿ. 100 ನ್ಯಾನೋ ಸಾಕು.

ಗುಬ್ಬಿ: ನನ್ನದು ಕೆರೆಯ ಫ್ಲೋಟ್ ಕಾಯೋ ಸರ್ಕ್ಯೂಟ್, ಆರಿಸಿದರೆ ನೀರು ಏರಿದ್ದೇ ಗೊತ್ತಾಗಲ್ಲ. ಎಲ್ಲಕ್ಕೂ ಒಂದೇ ಮದ್ದು ಅಂತ ಬರೀಬೇಡಿ.

ಗೌರಿಬಿದನೂರು: ಅವರು ಕೇಳಿದ್ದು ಬ್ರಿಡ್ಜ್‌ಗೆ, ಕೆರೆಗಲ್ಲ. ನಿಮ್ಮ 6042 ಇಲ್ಲಿ ಗೇನ್ 50ಕ್ಕೆ 280 ಹರ್ಟ್ಜ್ ಮಾತ್ರ. ಸ್ವಿಚ್ ಹಾಕಿದ ಮೇಲೆ ಕನಿಷ್ಠ 5 ಮಿಲಿಸೆಕೆಂಡ್ ಕಾಯದೆ ಓದಿದರೆ ಕೊನೆಯ ಬಿಟ್‌ಗಳು ಸುಳ್ಳು.

ಸಿರಾ: ಇನ್ನೊಂದು. ಎಡಿಸಿಯ (ವೋಲ್ಟೇಜನ್ನ ಅಂಕಿ ಮಾಡೋ ಭಾಗ) ಹೋಲಿಕೆಯ ವೋಲ್ಟೇಜ್, ಅಂದ್ರೆ ಅದರ ರೆಫರೆನ್ಸ್, ಬ್ರಿಡ್ಜ್‌ನ ಸಪ್ಲೈಯಿಂದಲೇ ತಗೊಳ್ಳಿ, 0.3ರ ಡಿವೈಡರ್ ಕೂಡ ಅಲ್ಲಿಂದಲೇ. ಸೆಲ್ ಇಳಿದರೂ ಲೆಕ್ಕ ಕೆಡಲ್ಲ.