ರಿಸ್ಕ್-ವಿ, ಎಸ್390ಎಕ್ಸ್‌ನಲ್ಲಿ ಬಿಲ್ಡ್ ಫೇಲ್: ಪಟ್ಟಿಯಿಂದಲೇ ತೆಗೆಯಬೇಕೇ?

ಪ್ರಶ್ನೆ:
ಸಿ ಪ್ಲಸ್ ಪ್ಲಸ್ ಪ್ರೋಗ್ರಾಂ ಒಂದು ಎಕ್ಸ್86-64, ಆರ್ಮ್64 ಎಂಬ ಎರಡು ಬಗೆಯ ಪ್ರೊಸೆಸರ್‌ಗಳಲ್ಲೂ ಸಲೀಸಾಗಿ ಬಿಲ್ಡ್ ಆಗುತ್ತದೆ (ಕೋಡಿನಿಂದ ಓಡುವ ಪ್ರೋಗ್ರಾಂ ತಯಾರಾಗುತ್ತದೆ). 64-ಬಿಟ್ ರಿಸ್ಕ್-ವಿಯಲ್ಲಿ ಮಾತ್ರ, ತುಣುಕುಗಳನ್ನು ಜೋಡಿಸುವ ಲಿಂಕ್ ಹಂತದಲ್ಲಿ ನಿಲ್ಲುತ್ತದೆ: ‘ಅಂಡಿಫೈನ್ಡ್ ರೆಫರೆನ್ಸ್ ಟು ಅಟಾಮಿಕ್ ಎಕ್ಸ್‌ಚೇಂಜ್ 1’. ಐಬಿಎಂ ಮೇನ್‌ಫ್ರೇಮ್‌ಗಳ ಎಸ್390ಎಕ್ಸ್‌ನಲ್ಲಿ ಅಷ್ಟು ದೂರವೂ ಹೋಗುವುದಿಲ್ಲ, ಇಮ್‌ಇಂಟ್ರಿನ್ ಹೆಡರ್ ಸಿಗಲಿಲ್ಲ ಅನ್ನುತ್ತದೆ. ಕಂಪೈಲರ್ ಜಿಸಿಸಿ 12, ಬಿಲ್ಡ್ ಸಾಧನ ಸಿಮೇಕ್. ಈ ಎರಡು ಆರ್ಕಿಟೆಕ್ಚರ್‌ಗಳಿಗೆ ಬೆಂಬಲವಿದೆ ಎಂದು ಮೂಲ ಪ್ರಾಜೆಕ್ಟ್ ಎಲ್ಲೂ ಹೇಳಿಲ್ಲ. ಪ್ಯಾಕೇಜಿನ ಆರ್ಕಿಟೆಕ್ಚರ್ ಪಟ್ಟಿಯಿಂದ ತೆಗೆದುಬಿಡಲೇ?

ಉತ್ತರ 1:
ತೆಗೆಯಬೇಡಿ. ರಿಸ್ಕ್-ವಿಯದು ನಾಲ್ಕು ಸಾಲಿನ ಕೆಲಸ. ಅದರ ‘ಎ’ ವಿಸ್ತರಣೆಯಲ್ಲಿ ಅಟಾಮಿಕ್ (ನಡುವೆ ಬೇರೆ ಥ್ರೆಡ್ ತಲೆಹಾಕಲಾಗದ) ಸೂಚನೆಗಳಿರುವುದು 32 ಮತ್ತು 64 ಬಿಟ್‌ಗೆ ಮಾತ್ರ. ನಿಮ್ಮ ಕೋಡಿನಲ್ಲಿ ಒಂದು ಬೈಟಿನ ಅಟಾಮಿಕ್, ಬಹುಶಃ ಬೂಲ್, ಇದೆ. ಜಿಸಿಸಿ 12 ಅದಕ್ಕೆ ಲಿಬ್‌ಅಟಾಮಿಕ್ ಎಂಬ ಲೈಬ್ರರಿಯ ಫಂಕ್ಷನ್ ಕರೆಯುತ್ತದೆ. ಎರರ್‌ನ ಕೊನೆಯ 1 ಅಂದರೆ ಬೈಟ್ ಲೆಕ್ಕ. ಆ ಲೈಬ್ರರಿ ಲಿಂಕ್ ಮಾಡಿದರೆ ಆಯಿತು.

ಆದರೆ ‘ರಿಸ್ಕ್-ವಿ ಇದ್ದರೆ ಸೇರಿಸು’ ಎಂದು ಬರೆಯಬೇಡಿ. ಸಿಮೇಕ್‌ನಲ್ಲಿ ಪುಟ್ಟ ಪ್ರೋಗ್ರಾಂ ಲಿಂಕ್ ಮಾಡಿ ನೋಡಿ, ಫೇಲ್ ಆದರೆ ಮಾತ್ರ ಸೇರಿಸಿ. ಅದರಲ್ಲಿ 4 ಬೈಟಿನ ಇಂಟ್ ಇಟ್ಟರೆ ರಿಸ್ಕ್-ವಿಯಲ್ಲಿ ಪರೀಕ್ಷೆ ಪಾಸಾಗಿ, ಅಸಲಿ ಬಿಲ್ಡ್ ಮತ್ತೆ ಬೀಳುತ್ತದೆ. 1 ಬೈಟ್, 8 ಬೈಟ್ ಎರಡನ್ನೂ ನೋಡಿ. 8 ಬೈಟಿನದು 32-ಬಿಟ್ ಮಿಪ್ಸ್, ಪವರ್‌ಪಿಸಿಗಳಲ್ಲಿ ಕೈಕೊಡುತ್ತದೆ. ಲಿಂಕರ್ ಸಾಲಿನಲ್ಲಿ ಲೈಬ್ರರಿ ಆಬ್ಜೆಕ್ಟ್ ಫೈಲ್‌ಗಳ ನಂತರವೇ ಬರಬೇಕು. ಮುಂಚೆ ಬಂದರೆ, ‘ಆಸ್-ನೀಡೆಡ್’ (ಬೇಕಾದ ಲೈಬ್ರರಿ ಮಾತ್ರ ಇಟ್ಟುಕೊಳ್ಳುವ ಆಯ್ಕೆ) ಇದ್ದಾಗ ಲಿಂಕರ್ ಅದನ್ನು ಕೈಬಿಡುತ್ತದೆ, ಮತ್ತದೇ ಎರರ್.

ಉತ್ತರ 2:
ಎಸ್390ಎಕ್ಸ್‌ನಲ್ಲಿ ಸಿಗದ ಆ ಹೆಡರ್ ಇಂಟೆಲ್, ಎಎಂಡಿಗಳ ಎಸ್‌ಎಸ್‌ಇ, ಎವಿಎಕ್ಸ್ ಎಂಬ, ಒಮ್ಮೆಗೇ ಹಲವು ಸಂಖ್ಯೆಗಳ ಮೇಲೆ ಕೆಲಸ ಮಾಡುವ ಸೂಚನೆಗಳಿಗೆ ಸೇರಿದ್ದು. ಅದನ್ನು ಎಸ್‌ಎಸ್‌ಇ2 ಮ್ಯಾಕ್ರೋದ ಷರತ್ತಿನೊಳಗೆ ಹಾಕಿ, ಉಳಿದವಕ್ಕೆ ಮಾಮೂಲಿ ಲೂಪ್ ಬರೆಯಿರಿ. ಆರ್ಮ್64ರಲ್ಲಿ ಬಿಲ್ಡ್ ಆಗುತ್ತಿದೆಯಲ್ಲ, ಅಂದರೆ ಆರ್ಮ್‌ನ ಅಂಥದೇ ಸೂಚನೆಗಳಾದ ನಿಯಾನ್‌ಗೆ ಬೇರೆ ದಾರಿ ಇರಬೇಕು. ‘ಆರ್ಮ್ ಅಲ್ಲದಿದ್ದರೆ ಇಂಟೆಲ್’ ಎಂಬ ಎಲ್ಸ್ ಎಲ್ಲಿದೆ ಹುಡುಕಿ, ಬಹುತೇಕ ತಪ್ಪು ಅಲ್ಲೇ. ಇಂಟ್ರಿನ್ಸಿಕ್ (ಇಂಥ ಸೂಚನೆಗಳನ್ನು ನೇರ ಕರೆಯುವ ಫಂಕ್ಷನ್) ತುಂಬಾ ಇದ್ದರೆ, ಅವನ್ನು ಬೇರೆ ಪ್ರೊಸೆಸರ್‌ಗಳಲ್ಲೂ ಒದಗಿಸುವ ಸಿಮ್‌ಡ್-ಎವ್ರಿವೇರ್ ಹೆಡರ್‌ಗಳನ್ನು ಬಳಸಿ.

ಉತ್ತರ 3:
ಬಿಲ್ಡ್ ಆಯಿತೆಂದು ಎಸ್390ಎಕ್ಸ್‌ನಲ್ಲಿ ಟೆಸ್ಟ್ ಬಿಡಬೇಡಿ. ಚಾರ್ ಅಲ್ಲಿ ಅನ್‌ಸೈನ್ಡ್ (ಋಣ ಸಂಖ್ಯೆ ಹಿಡಿಯದು); ಆರ್ಮ್64 ಲಿನಕ್ಸ್‌ನಲ್ಲೂ ಹಾಗೇ, ಆದ್ದರಿಂದ ಅಲ್ಲಿ ಟೆಸ್ಟ್ ಪಾಸಾಗಿದ್ದರೆ ಆ ಚಿಂತೆ ಕಡಿಮೆ. ಅಸಲಿ ತೊಂದರೆ ಬಿಗ್-ಎಂಡಿಯನ್, ಅಂದರೆ ಸಂಖ್ಯೆಯ ದೊಡ್ಡ ಬೈಟ್ ಮೊದಲು ಬರುವುದು. ಸಣ್ಣ ಬೈಟ್ ಮೊದಲಾಗಿ ಬರೆದ ಫೈಲಿನ 4 ಬೈಟನ್ನು ನೇರ ಇಂಟ್‌ಗೆ ನಕಲಿಸಿದ್ದರೆ 1 ಇರಬೇಕಾದಲ್ಲಿ 16777216 ಬರುತ್ತದೆ. ಲಾಗ್‌ನಲ್ಲಿ ಆ ಸಂಖ್ಯೆ ಕಂಡರೆ ಬೇರೆಲ್ಲೂ ಹುಡುಕಬೇಡಿ, ಓದುವ ಜಾಗದಲ್ಲೇ ಬೈಟ್ ಕ್ರಮ ಬದಲಿಸಿ. ಟೆಸ್ಟ್ ಬೀಳುತ್ತಿದ್ದರೂ ಅದನ್ನು ಆಫ್ ಮಾಡಿ ಬೈನರಿ ಕೊಟ್ಟರೆ ಬಳಸುವವರ ಡೇಟಾ ಸದ್ದಿಲ್ಲದೆ ಕೆಡುತ್ತದೆ. ಸರಿಪಡಿಸಲು ಆಗದೇ ಇದ್ದರೆ ಮಾತ್ರ, ಕಾರಣ ಬರೆದು, ಆ ಒಂದು ಆರ್ಕಿಟೆಕ್ಚರನ್ನು ಪಟ್ಟಿಯಿಂದ ತೆಗೆಯಿರಿ.