ಸ್ಯಾಲ್ವೇಜ್ ಟೈಟಲ್ ಇರುವ ನಿಂಜಾ 400: ಕೊಳ್ಳಬಹುದೇ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು ಕ್ಯಾಲಿಫೋರ್ನಿಯಾದ ಸನಿವೇಲ್‌ನಲ್ಲಿ ನೆಲೆಸಿದ್ದೇನೆ. ಊರಿನಲ್ಲಿ ಹತ್ತು ವರ್ಷ ಬೈಕ್ ಓಡಿಸಿದ್ದರೂ ಇಲ್ಲಿನ ಎಂ1 ಲೈಸೆನ್ಸ್ ಕೈಗೆ ಬಂದದ್ದು ಕಳೆದ ತಿಂಗಳು. 2020ರ ಕವಾಸಾಕಿ ನಿಂಜಾ 400 ಒಂದನ್ನು ಅದರ ಮಾಲೀಕರು 2,600 ಡಾಲರಿಗೆ ಕೊಡಲು ಸಿದ್ಧರಿದ್ದಾರೆ. ಅದೇ ವರ್ಷದ, ಕ್ಲೀನ್ ಟೈಟಲ್ (ಯಾವ ಮುದ್ರೆಯೂ ಇಲ್ಲದ ಮಾಲೀಕತ್ವದ ಪತ್ರ) ಇರುವ ಬೈಕಿಗೆ ನಾನು ವಿಚಾರಿಸಿದ ಕಡೆಯೆಲ್ಲ ಇದಕ್ಕಿಂತ ಸಾವಿರ ಡಾಲರಿಗೂ ಹೆಚ್ಚು ಕೇಳಿದರು. ನೋಡಲು ಹೊಸದರಂತಿದೆ. ಆದರೆ ಟೈಟಲ್ ಮೇಲೆ ‘ಸ್ಯಾಲ್ವೇಜ್ಡ್’ ಎಂದು ಅಚ್ಚಾಗಿದೆ. ನಿಧಾನವಾಗಿ ತಿರುಗುವಾಗ ಬಲಕ್ಕೆ ಬಿದ್ದು ಫೇರಿಂಗ್ (ಹೊರಗಿನ ಪ್ಲಾಸ್ಟಿಕ್ ಹೊದಿಕೆ) ಒಡೆದಿತ್ತು, ಬೇರೇನೂ ಆಗಿರಲಿಲ್ಲ ಎಂಬುದು ಅವರ ಮಾತು. ನಂಬಬಹುದೇ?

ಮೊದಲ ಉತ್ತರ

ಅವರ ಮಾತು ನಿಜವಿರಲು ಸಾಧ್ಯವಿದೆ. ದುರಸ್ತಿಗೆ ಹಣ ಹಾಕಿದರೆ ಗಿಟ್ಟುವುದಿಲ್ಲ ಎಂದು ವಿಮಾ ಕಂಪನಿಗೆ ಅನ್ನಿಸಿದರೆ ಸಾಕು, ವಾಹನ ಸ್ಯಾಲ್ವೇಜ್ ಆಗುತ್ತದೆ; ಈ ದರ್ಜೆಯ ಬೈಕಿಗೆ ಫೇರಿಂಗ್, ಟ್ಯಾಂಕ್, ಹೆಡ್‌ಲೈಟ್, ಸೈಲೆನ್ಸರ್ ಎಲ್ಲವನ್ನೂ ಕಂಪನಿಯದೇ ಹಾಕಿಸಿ, ಇಲ್ಲಿನ ಕೂಲಿಯನ್ನೂ ಸೇರಿಸಿದರೆ ಆ ಲೆಕ್ಕ ಬಹುಬೇಗ ಮೀರುತ್ತದೆ. ಹಾಗಾಗಿ ಚಾಸಿ ನೆಟ್ಟಗಿದೆಯೇ ಎಂಬುದು ಟೈಟಲ್ ನೋಡಿ ತಿಳಿಯುವ ವಿಷಯವೇ ಅಲ್ಲ.

ದುರಸ್ತಿಗೆ ಮುಂಚಿನ ಫೋಟೋ ಕೇಳಿ. ಅವರಲ್ಲಿ ಇಲ್ಲದಿದ್ದರೆ ಹದಿನೇಳು ಅಕ್ಷರಗಳ ವಿನ್ (ವಾಹನದ ಗುರುತಿನ) ಸಂಖ್ಯೆಯನ್ನು ಇಂಟರ್‌ನೆಟ್ಟಿನಲ್ಲಿ ಹುಡುಕಿ. ಕೋಪಾರ್ಟ್‌ನಂತಹ ಹರಾಜು ಸಂಸ್ಥೆಗಳ ಮೂಲಕ ಹೋದ ಬೈಕಾದರೆ ಅಂದಿನ ಚಿತ್ರಗಳು ಎಷ್ಟೋ ಸಲ ಸಿಗುತ್ತವೆ. ಅನಂತರ ಹ್ಯಾಂಡಲನ್ನು ಎರಡೂ ಬದಿಗೆ ಪೂರ್ತಿ ತಿರುಗಿಸಿ, ಅದು ತಾಗಿ ನಿಲ್ಲುವ ಸ್ಟೀರಿಂಗ್ ಸ್ಟಾಪ್ ಮೇಲೆ ಟಾರ್ಚ್ ಬಿಟ್ಟು ನೋಡಿ. ಮುಂದಿನಿಂದ ಬಲವಾದ ಪೆಟ್ಟು ಬಿದ್ದಿದ್ದರೆ ಆ ಪುಟ್ಟ ಲೋಹದ ತುಂಡು ಚಪ್ಪಟೆಯಾಗಿರುತ್ತದೆ, ಮುರಿದಿರುತ್ತದೆ ಅಥವಾ ಹೊಸ ಬಣ್ಣ ಬಳಿದುಕೊಂಡಿರುತ್ತದೆ. ಅದರ ಸುತ್ತಲಿನ ವೆಲ್ಡಿಂಗ್ ಹತ್ತಿರ ಬಣ್ಣ ಬಿರುಕು ಬಿಟ್ಟಿದ್ದರಂತೂ ಮಾತು ಮುಂದುವರಿಸಬೇಡಿ. ಐದು ವರ್ಷದ ಹಿಂದೆ ಇಂಥದ್ದೇ ಒಂದು ಬೈಕನ್ನು ಕೊಂಡ ನಾನು, ಹೈವೇಯಲ್ಲಿ ಅದು ಬಲಕ್ಕೆ ಎಳೆಯುವುದು ಟೈರಿನ ದೋಷವೆಂದುಕೊಂಡು ಎರಡೂ ಟೈರ್ ಬದಲಿಸಿದೆ. ಬಾಗಿದ್ದು ಚಾಸಿಯ ತಲೆ (ಹ್ಯಾಂಡಲ್ ಕೂರುವ ಭಾಗ) ಎಂದು ತಿಳಿಯಲು ನಾಲ್ಕು ತಿಂಗಳು ಹಿಡಿಯಿತು.

ಎರಡನೆಯ ಉತ್ತರ

ಬೈಕು ಗಟ್ಟಿಯಾಗಿದ್ದರೂ ಕಾಗದಪತ್ರದ ತೊಡಕು ಬೇರೆಯೇ ಇದೆ. ಊರಿನಲ್ಲಿ ಆರ್‌ಸಿ ನೋಡಿ, ಆರ್‌ಟಿಒದಿಂದ ಬಿ-ಎಕ್ಸ್‌ಟ್ರಾಕ್ಟ್ ತೆಗೆಸಿದರೆ ನಿಶ್ಚಿಂತರಾಗುವ ನಮಗೆ ಈ ಟೈಟಲ್ ವ್ಯವಸ್ಥೆ ಹೊಸದು. ಅವರ ಬಳಿ ಇರುವುದು ಬರೀ ಸ್ಯಾಲ್ವೇಜ್ ಸರ್ಟಿಫಿಕೇಟೋ, ಅಥವಾ ದುರಸ್ತಿಯ ನಂತರ ಡಿಎಂವಿ (ಇಲ್ಲಿನ ಆರ್‌ಟಿಒ) ಕೊಟ್ಟ ‘ರಿವೈವ್ಡ್ ಸ್ಯಾಲ್ವೇಜ್’ ಟೈಟಲೋ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಿ. ಸರ್ಟಿಫಿಕೇಟ್ ಮಾತ್ರ ಇದ್ದರೆ ಆ ಬೈಕನ್ನು ರಸ್ತೆಗಿಳಿಸುವಂತಿಲ್ಲ. ವಿನ್ ಪರಿಶೀಲನೆ, ಸುರಕ್ಷತಾ ತಪಾಸಣೆ, ನೋಂದಣಿ ಎಲ್ಲವೂ ತಮ್ಮ ತಲೆಯ ಮೇಲೆ ಬರುತ್ತವೆ. ಕಳುವಿನ ದಾಖಲೆ ಇದೆಯೇ ಎಂದು ವಿಮಾ ವಂಚನೆಯ ಮೇಲೆ ಕಣ್ಣಿಡುವ ಸಂಸ್ಥೆಯಾದ ಎನ್‌ಐಸಿಬಿಯ ವಿನ್‌ಚೆಕ್‌ನಲ್ಲಿ ಉಚಿತವಾಗಿ ನೋಡಬಹುದು.

ವಿಮೆಯ ವಿಚಾರವನ್ನು ಹಣ ಕೊಡುವ ಮೊದಲೇ ಮುಗಿಸಿಕೊಳ್ಳಿ. ಇನ್ನೊಬ್ಬರಿಗಾಗುವ ಹಾನಿಯ ಲಯಬಿಲಿಟಿ ವಿಮೆ ಸಿಗುತ್ತದೆ. 2025ರ ಜನವರಿ 1ರಿಂದ ಅದರ ಕನಿಷ್ಠ ಮಿತಿ ಈ ರಾಜ್ಯದಲ್ಲಿ ಒಬ್ಬರ ಗಾಯಕ್ಕೆ 30,000, ಒಂದು ಅಪಘಾತದ ಎಲ್ಲ ಗಾಯಾಳುಗಳಿಗೆ ಒಟ್ಟು 60,000, ಆಸ್ತಿ ಹಾನಿಗೆ 15,000 ಡಾಲರ್ ಆಗಿದೆ. ಆದರೆ ತಮ್ಮ ಬೈಕೇ ಕಳುವಾದರೆ ಅಥವಾ ಜಖಂಗೊಂಡರೆ ಪರಿಹಾರ ಕೊಡುವ ವಿಮೆಯನ್ನು ಇಂಥ ಟೈಟಲಿಗೆ ಅನೇಕ ಕಂಪನಿಗಳು ನಿರಾಕರಿಸುತ್ತವೆ. ಮುಂದೆ ಮಾರುವಾಗ ತಾವೂ ಇದೇ ರಿಯಾಯಿತಿ ಕೊಡಬೇಕಾಗುತ್ತದೆ ಎಂಬುದನ್ನು ಇಂದಿನ ಬೆಲೆಯಲ್ಲೇ ಎಣಿಸಿ. 2,600 ನನಗಂತೂ ಹೆಚ್ಚೆನಿಸುತ್ತದೆ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಟೈಟಲ್ ರಿವೈವ್ಡ್ ಸ್ಯಾಲ್ವೇಜ್ ಆಗಿದೆ. ಹರಾಜಿನ ಆರು ಚಿತ್ರಗಳು ಸಿಕ್ಕವು: ಬಲಬದಿಯ ಫೇರಿಂಗ್, ಟ್ಯಾಂಕ್, ಸೈಲೆನ್ಸರ್ ಮತ್ತು ಹಿಂಬ್ರೇಕಿನ ಪೆಡಲ್ ಹಾಳಾಗಿದ್ದವು, ಮುಂದಿನ ಚಕ್ರವೂ ಫೋರ್ಕೂ ನೆಟ್ಟಗಿದ್ದವು. ಸ್ಟೀರಿಂಗ್ ಸ್ಟಾಪಿನ ಎರಡೂ ಬದಿಯಲ್ಲಿ ಹಳೆಯ ಕಪ್ಪು ಬಣ್ಣವೇ ಇದೆ, ಬಲಗಡೆ ಉಗುರಿನಷ್ಟು ಸವೆದಿದೆ. ಮೆಕ್ಯಾನಿಕ್ ಒಬ್ಬರು ಎರಡು ಚಕ್ರಗಳ ಪಕ್ಕದಲ್ಲಿ ದಾರ ಎಳೆದು ನೋಡಿ ಸಾಲು ಸರಿಯಿದೆಯೆಂದರು. ಪೆಡಲನ್ನು ಮಾತ್ರ ಬದಲಿಸದೆ ಬಡಿದು ನೇರಗೊಳಿಸಿದ್ದಾರಂತೆ.

ನನ್ನ ವಿಮಾ ಕಂಪನಿ ಲಯಬಿಲಿಟಿ ಬಿಟ್ಟು ಬೇರೇನನ್ನೂ ಕೊಡಲು ಒಪ್ಪಲಿಲ್ಲ. ಬೈಕು ರಾತ್ರಿ ಅಪಾರ್ಟ್‌ಮೆಂಟಿನ ಬಯಲು ಪಾರ್ಕಿಂಗಿನಲ್ಲಿ ನಿಲ್ಲಬೇಕಾದ್ದರಿಂದ, ನಾಳೆ ಅದು ಕಳುವಾದರೂ ತಡೆದುಕೊಳ್ಳಬಲ್ಲ ಮೊತ್ತ ಎಷ್ಟೆಂದು ನಾನೂ ನನ್ನ ಹೆಂಡತಿಯೂ ಕುಳಿತು ಲೆಕ್ಕ ಹಾಕಿ 2,100 ಕೇಳಿದೆವು. ಕೊನೆಗೆ ಹೊಸ ಪೆಡಲ್ ಸಹಿತ 2,200ಕ್ಕೆ ಒಪ್ಪಂದವಾಯಿತು. ವರ್ಗಾವಣೆಗೆ ಹತ್ತು ದಿನಗಳ ಗಡುವಿರುವುದರಿಂದ ಸೋಮವಾರವೇ ಡಿಎಂವಿಗೆ ಹೋಗುತ್ತಿದ್ದೇನೆ.